ಇಲ್ಲದ ದೇಶದ ಮೂಲಪ್ರತಿ

"ಯಂತ್ರ ಮುಟ್ಟದ ಕೈ" ಅಂದರು ಹೆಡ್‌ಮೇಷ್ಟ್ರು. ಶ್ರೀನಿವಾಸಪುರದ ನಮ್ಮ ಹೈಸ್ಕೂಲಿನಲ್ಲಿ, ಡ್ರಾಯಿಂಗ್ ಮಿಸ್ಸಿನ ಫೋಟೋಗೆ ಹಾರ ಹಾಕಿ, ಮೈಕು ತಟ್ಟಿ ನೋಡಿ, ಶ್ರದ್ಧಾಂಜಲಿ ಶುರು ಮಾಡಿದ್ದೇ ಆ ಮಾತಿನಿಂದ. ಕಂಪ್ಯೂಟರಿಗೆ ಕೊನೆಯ ತನಕ ಸೋಲಲಿಲ್ಲವಂತೆ. ಕಾಗದ, ಇಂಕು ಬಿಟ್ಟು ಬೇರೇನನ್ನೂ ನಂಬಲಿಲ್ಲವಂತೆ. ಕಳೆದ ವರ್ಷದ ಶಾಲಾ ಸಂಚಿಕೆಯ ಮುಖಪುಟವನ್ನು ಎತ್ತಿ ಹಿಡಿದು, "ಅವರ ಕೊನೆಯ ನಕ್ಷೆ ಇದು. ಈ ಗೆರೆ ನೋಡಿ, ಉಸಿರಾಡ್ತಿದೆ. ಯಾವ ಯಂತ್ರಕ್ಕೆ ಬರುತ್ತೆ ಇದು?" ಅಂತ ಕೇಳಿದರು. ಶ್ರದ್ಧಾಂಜಲಿ ಸಭೆಯಲ್ಲಿ ಚಪ್ಪಾಳೆ ತಟ್ಟಬಾರದು ಅನ್ನೋದು ಮರೆತು ಹಿಂದಿನ ಸಾಲಿನವರು ತಟ್ಟಿಯೂ ಬಿಟ್ಟರು.

ನಾನು ತಟ್ಟಲಿಲ್ಲ. ಚರ್ಚಾಸ್ಪರ್ಧೆಗೆ ತಯಾರಾಗುವಾಗ ನಮಗೆ ಮೊದಲು ಕಲಿಸಿದ್ದು, ಎದುರಾಳಿಯ ಮಾತಿನಲ್ಲಿ ನಿಜ ಎಷ್ಟಿದೆಯೋ ಅಷ್ಟನ್ನು ಮೊದಲು ಒಪ್ಪಿಕೋ ಅಂತ. ಒಪ್ಪಿಕೊಳ್ಳುತ್ತೇನೆ. ಮಿಸ್ ಬಹಳ ವರ್ಷ ಕೈಯಲ್ಲೇ ಬರೆದರು, ಕೈಯ ಪರವಾಗಿ ನನ್ನ ಜೊತೆ ಜಗಳವಾಡಿದರು, ಎಷ್ಟೋ ಸಲ ಗೆದ್ದರು. ಆದರೆ ಹೆಡ್‌ಮೇಷ್ಟ್ರು ಎತ್ತಿ ಹಿಡಿದ ಆ ನಕ್ಷೆ ಮಾತ್ರ ಕಾಗದದ ಮೇಲೆ ಹುಟ್ಟಿದ್ದಲ್ಲ. ಯಲ್ದೂರಿನ ಅವರ ಮನೆಯಲ್ಲಿ, ಫ್ರಿಜ್ಜಿನ ಪಕ್ಕದ ಮೇಜಿನ ಮೇಲೆ, ಟ್ಯಾಬಿನಲ್ಲಿ ಬರೆದದ್ದು. ಆ ಟ್ಯಾಬಿಗೆ ಚಿತ್ರ ಬರೆಯುವ ಆ್ಯಪ್ ಹಾಕಿಕೊಟ್ಟವಳು ನಾನು. ಇದು ಗೊತ್ತಿದ್ದ ಇನ್ನೊಬ್ಬರು ಅಲ್ಲೇ ಮುಂದಿನ ಸಾಲಿನಲ್ಲಿ ತಲೆ ತಗ್ಗಿಸಿ ಕೂತಿದ್ದರು. ಮಿಸ್ಸಿನ ಗಂಡ.

ಹೆಡ್‌ಮೇಷ್ಟ್ರು ಅವರ ಕಡೆಗೇ ತಿರುಗಿದರು. "ಸಾರ್, ದಯವಿಟ್ಟು ಇದರ ಮೂಲಪ್ರತಿ ಶಾಲೆಗೆ ಕೊಡಿ. ಗಾಜು ಹಾಕಿಸಿ ಮೆಟ್ಟಿಲ ಹತ್ರ ತೂಗುಹಾಕ್ತೀವಿ. ಮಕ್ಕಳು ದಿನಾ ನೋಡ್ಲಿ, ಕೈಕೆಲಸ ಅಂದ್ರೆ ಏನು ಅಂತ."

ಅಂಕಲ್ ಎದ್ದು ನಿಂತು ಕೈ ಮುಗಿದರು. "ಆಯ್ತು ಸಾರ್. ಹುಡುಕ್ತೀನಿ."

ಇಲ್ಲದ್ದನ್ನು ಹುಡುಕುತ್ತೀನಿ ಅಂದರು. ಅಲ್ಲಿಂದ ನನಗೆ ನಿಂತಲ್ಲಿ ನಿಲ್ಲೋಕಾಗುತ್ತಿಲ್ಲ.

ಮಿಸ್ಸೂ ಅಷ್ಟೇ, ನಿಂತಲ್ಲಿ ನಿಂತವರಲ್ಲ. ಕ್ಲಾಸಿನಲ್ಲಿ ಕುರ್ಚಿ ಇತ್ತು, ಅದರ ಮೇಲೆ ಅವರ ಬ್ಯಾಗು ಕೂತಿರುತ್ತಿತ್ತು. ಅವರು ಬೆಂಚುಗಳ ನಡುವೆ ಓಡಾಡಿಕೊಂಡು, ಸುಮ್ಮನೆ ಕಿಟಕಿ ತೆಗೆದು ಮುಚ್ಚಿ, ಸೀಮೆಸುಣ್ಣವನ್ನು ಬೆರಳುಗಳ ನಡುವೆ ಉರುಳಿಸುತ್ತಾ ಇರುತ್ತಿದ್ದರು. ಎಂಟನೇ ಕ್ಲಾಸಿನವರಿಗೆ ಬೇರೆ ಶಾಲೆಗಳಲ್ಲಿ ಹೂಕುಂಡ, ಹಣ್ಣಿನ ತಟ್ಟೆ ಬರೆಸುತ್ತಿದ್ದರೆ ಇವರು ನಕ್ಷೆ ಬರೆಸುತ್ತಿದ್ದರು. ಭಾರತದ್ದಲ್ಲ, ಇಲ್ಲದ ದೇಶದ್ದು. "ನಿಮ್ಮ ತಲೆ ಒಳಗೆ ಒಂದು ದೇಶ ಇದೆ. ದಾರಿ ಗೊತ್ತಿರೋದು ನಿಮಗೊಬ್ಬರಿಗೇ. ನಾಳೆ ನೀವು ಮರ್ತುಬಿಟ್ರೆ ಅಲ್ಲಿನ ಜನ ಏನಾಗ್ಬೇಕು? ಬರೀರಿ."

ಇಂಕ್ ಪೆನ್ನಿನಲ್ಲೇ ಬರೆಯಬೇಕು, ರಬ್ಬರ್ ಮುಟ್ಟುವ ಹಾಗಿಲ್ಲ. ಹಾಳೆಯ ಮೇಲೆ ಮೊದಲು ಬೀಳಬೇಕಾದ ಗೆರೆ ಕೆರೆ ಏರಿ. ಏರಿ ಆದ ಮೇಲೆ ನೀರು ಎಲ್ಲಿಯವರೆಗೆ ನಿಲ್ಲುತ್ತೆ ಅಂತ ಅಂಚು ಬರೀಬೇಕು, ತುಂಬಿದ್ದು ಹೊರಗೆ ಹೋಗೋ ಕೋಡಿ ಬರೀಬೇಕು, ಆ ಕೋಡಿ ನೀರು ಹಿಡಿಯೋ ಕೆಳಗಿನ ಕೆರೆಯ ಏರಿ ಬರೀಬೇಕು. ಹೀಗೆ ಕೆರೆಗೆ ಕೆರೆ ಗಂಟು ಹಾಕುತ್ತಾ ದೇಶ ಬೆಳೆಯುತ್ತಾ ಹೋಗುತ್ತಿತ್ತು. ಊರುಗಳು ಆಮೇಲೆ. "ನದಿಯಿಂದ ಶುರು ಮಾಡೋರು ಬೇರೆ ಜಿಲ್ಲೆಯೋರು" ಅನ್ನುತ್ತಿದ್ದರು. ಈಗಿನ ಮಕ್ಕಳು ನೀರಿರೋ ಕೆರೆ ನೋಡಿದ್ದಾರೆ. ನಾವು ನೋಡಿದ್ದು ಜಾಲಿ ತುಂಬಿದ ಕೆರೆ. ನಮ್ಮ ಪಾಲಿಗೆ ಬೆಂಕಿ ಉಗುಳೋ ಪ್ರಾಣಿಗಿಂತ ಕೋಡಿ ಬಿದ್ದ ಕೆರೆಯೇ ದೊಡ್ಡ ಕಲ್ಪನೆ.

ನನ್ನ ಪೆನ್ನು ಒಂದು ಕಡೆ ಇಂಕು ಕಕ್ಕಿತು. ಮಿಸ್ ಬಂದು ಬಗ್ಗಿ ನೋಡಿದರು.

"ಏನದು?"

"ತಪ್ಪಾಯ್ತು ಮಿಸ್."

"ನಾನು ಕೇಳಿದ್ದು ಅದಲ್ಲ. ನಿನ್ನ ದೇಶದೋರು ಅದನ್ನ ಏನಂತ ಕರೀತಾರೆ?"

"...ಬಾವಿ ಮಿಸ್."

"ಅಷ್ಟು ದೊಡ್ಡ ಬಾವಿ ತೋಡಿದೋರು ಯಾರು, ಯಾಕೆ ತೋಡಿದ್ರು, ಬರ್ಕೊಂಡು ಬಾ. ತಪ್ಪಿದ ಗೆರೆಗೆ ಒಂದು ಕೆಲಸ ಕೊಡು."

ಹಳೇ ವಿದ್ಯಾರ್ಥಿಗಳೆಲ್ಲ ಈ ಮಾತನ್ನ ಮೈ ಜುಮ್ ಅನ್ನಿಸಿಕೊಂಡು ಹೇಳುತ್ತಾರೆ. ನನಗೆ ಅವತ್ತೇ ತಕರಾರಿತ್ತು. "ಮಿಸ್, ಅಳಿಸೋಕೆ ಬಿಡದಿದ್ರೆ ಧೈರ್ಯ ಬರುತ್ತೆ ಅಂತೀರಿ. ನಂಗೆ ಭಯ ಬಂದಿದೆ. ನೋಡಿ, ನನ್ನ ದೇಶ ಮೂಲೇಲಿ ಬಸ್ ಟಿಕೆಟ್ ಅಷ್ಟಿದೆ."

"ಸಣ್ಣ ದೇಶಗಳೂ ಇರ್ತವೆ ಕಣೇ ಲಾಯರಮ್ಮ."

"ಇದು ಉತ್ತರ ಅಲ್ಲ ಮಿಸ್."

"ಅಲ್ಲ," ಅಂತ ಒಪ್ಪಿಕೊಂಡು ಮುಂದಿನ ಬೆಂಚಿಗೆ ಹೋದರು. ಅವರ ಜೊತೆ ವಾದ ಮಾಡೋ ಕಷ್ಟ ಅದೇ. ಸೋತೆ ಅಂತ ಹೇಳಿಬಿಡುತ್ತಿದ್ದರು, ಹೇಳಿ ಬಿಟ್ಟು ಹೋಗುತ್ತಿದ್ದರು. ಗೆದ್ದ ವಾದ ನಮ್ಮ ಕೈಯಲ್ಲೇ ಉಳಿದು ಚುಚ್ಚುತ್ತಿತ್ತು. ಲಾಯರಮ್ಮ ಅನ್ನೋ ಹೆಸರು ಅವತ್ತಿನಿಂದ ಅಂಟಿತು. ಈಗ ಕೋಲಾರದ ಕೋರ್ಟಿನಲ್ಲಿ ಜೂನಿಯರ್ ಆಗಿ ಕರೀ ಕೋಟು ಹಾಕಿಕೊಂಡು ಓಡಾಡುವಾಗಲೂ ಅದು ಅಣಕದ ಹಾಗೇ ಕೇಳುತ್ತದೆ.

ಮುಳಬಾಗಿಲಿನಲ್ಲಿ ಅಂತರಶಾಲಾ ಚರ್ಚಾಸ್ಪರ್ಧೆ ಇತ್ತು. ಕನ್ನಡ ಮೇಷ್ಟ್ರು ರಜೆಯಲ್ಲಿದ್ದರು, ನಮ್ಮನ್ನು ಕರೆದುಕೊಂಡು ಹೋದದ್ದು ಡ್ರಾಯಿಂಗ್ ಮಿಸ್. ಯಂತ್ರದಿಂದ ಕಲೆ ಬೆಳೆಯುತ್ತದೆಯೇ ಅನ್ನೋ ವಿಷಯ. ನನ್ನ ಚೀಟಿಯಲ್ಲಿ "ಪರ" ಬಂತು, ಗೆದ್ದೆ. ಬರುವಾಗ ನಮ್ಮನ್ನೆಲ್ಲ ಕುರುಡುಮಲೆಗೆ ಕರೆದುಕೊಂಡು ಹೋದರು. ಒಳಗೆ ಅಷ್ಟೆತ್ತರದ ಗಣಪನ ಮುಂದೆ ಎಲ್ಲರೂ ಕೈ ಮುಗಿದು ನಿಂತಿದ್ದರೆ ಮಿಸ್ ಆಗಲೇ ಹೊರಗೆ ಬಂದು ಗುಡ್ಡದ ಬಂಡೆಗಳನ್ನು ನೋಡುತ್ತಿದ್ದರು. ಬಂಡೆ ಮೇಲೊಂದು ಬಂಡೆ, ಯಾರೋ ಎತ್ತಿಟ್ಟು ಮರೆತು ಹೋದ ಹಾಗೆ.

"ಇದನ್ನ ಇದ್ದ ಹಾಗೇ ಬರೆದ್ರೆ ಸುಳ್ಳು ಬರೆದಿದಾಳೆ ಅಂತಾರೆ. ಇಲ್ಲದ ದೇಶ ಅಂತ ಬರೆದ್ರೆ ನಂಬ್ತಾರೆ."

ನಾನು ಕೇಳಿದೆ, "ಯಂತ್ರದ ಪರ ಮಾತಾಡಿದ್ದಕ್ಕೆ ಬೇಜಾರಾ ಮಿಸ್?"

"ಚೀಟೀಲಿ ವಿರೋಧ ಬಂದಿದ್ರೆ?"

"ಅದನ್ನೂ ಗೆಲ್ತಿದ್ದೆ."

"ಹಂಗಾದ್ರೆ ನಿಂಗೆ ಏನನ್ಸುತ್ತೆ ಅಂತ ಅಲ್ಲಿ ಯಾರೂ ಕೇಳ್ಲೇ ಇಲ್ವಲ್ಲೇ, ಪಿಚ್ಚಿದಾನಾ." ತೆಲುಗಿನಲ್ಲಿ ಹುಚ್ಚಿ ಅಂತ. ಪ್ರೀತಿ ಬಂದಾಗ ಮಿಸ್ಸಿಗೆ ತೆಲುಗು ಬರುತ್ತಿತ್ತು. ಗೆದ್ದ ಕಪ್ಪು ಹಿಡಿದುಕೊಂಡು ಬಸ್ಸಿನಲ್ಲಿ ಕೂತಿದ್ದ ನನಗೆ ಶ್ರೀನಿವಾಸಪುರ ಬರುವ ತನಕ ಆ ಮಾತು ಕುರ್ಚಿಯಲ್ಲಿ ಎದ್ದ ಮೊಳೆಯ ಹಾಗಿತ್ತು.

ಕಾಲೇಜಿಗೆ ಕೋಲಾರಕ್ಕೆ ಸೇರಿದ ಮೇಲೆ ನಕ್ಷೆಯ ಹುಚ್ಚು ಕಂಪ್ಯೂಟರಿಗೆ ಹಬ್ಬಿತು. ಮಾಯಾಲೋಕದ ಕತೆ ಬರೆಯುವವರಿಗೆ ಆನ್‌ಲೈನಿನಲ್ಲಿ ನಕ್ಷೆ ಮಾಡಿಕೊಡುತ್ತಿದ್ದೆ. ಒಂದು ಭಾನುವಾರ ಲ್ಯಾಪ್‌ಟಾಪ್ ಹೊತ್ತುಕೊಂಡು ಯಲ್ದೂರಿಗೆ ಹೋದೆ, ಗೆಲ್ಲೋಕೇ ಹೋದೆ. ಒಂದು ಕ್ಲಿಕ್ಕಿಗೆ ಬೆಟ್ಟ ಎದ್ದಿತು, ಇನ್ನೊಂದಕ್ಕೆ ಕಾಡು, ಬೆಟ್ಟದಿಂದ ನದಿಗಳು ತಾವಾಗಿಯೇ ಇಳಿದು ಸಮುದ್ರ ಸೇರಿದವು.

ಮಿಸ್ ನೋಡುತ್ತಾ ನಿಂತರು. "ಈ ನೀರು ಎಲ್ಲಿಗೆ ಹೋಗ್ತಿದೆ?"

"ಸಮುದ್ರಕ್ಕೆ ಮಿಸ್."

"ದಾರೀಲಿ ಯಾರೂ ನಿಲ್ಲಿಸ್ಕೊಳ್ಳಲ್ವಾ? ಎಂಥಾ ಸಾಹುಕಾರ್ರು ನಿನ್ನ ದೇಶದೋರು."

ಕೆರೆ ಹಾಕು ಅಂದರು. ಆ ಸಾಫ್ಟ್‌ವೇರಿನಲ್ಲಿ ಸರೋವರ ಇತ್ತು, ಕೆರೆ ಇರಲಿಲ್ಲ. ಸರೋವರ ಹಾಕಿ ತೋರಿಸಿದೆ, ಸುತ್ತಲೂ ಒಂದೇ ಥರದ ಮೆತ್ತನೆಯ ಅಂಚು. "ಇದು ಕೆರೆ ಅಲ್ಲ ಕಣೇ, ಚೆಲ್ಲಿದ ಸಾಂಬಾರು," ಅಂದರು. ಒಂದು ಕಡೆ ಬಿಲ್ಲಿನ ಹಾಗೆ ಬಿಗಿದ ಏರಿ, ಮಿಕ್ಕ ಕಡೆಯೆಲ್ಲ ನೀರು ಹೋದಲ್ಲಿಗೆ ಹೋದ ಅಂಚು, ಅದು ಕೆರೆ. ಕೆರೆ ಯಾರೋ ಕಟ್ಟಿದ್ದು, ಸರೋವರ ತಾನಾಗಿ ಬಿದ್ದದ್ದು.

ನಾನು ಬಿಡುವವಳಾ? ಸಾಫ್ಟ್‌ವೇರ್ ಬೇಡ ಅಂದಿಲ್ಲ ಮಿಸ್, ಮಾಡಿದವರಿಗೆ ಕೆರೆ ಗೊತ್ತಿಲ್ಲ ಅಷ್ಟೇ ಅಂತ ಹೇಳಿ, ಅಲ್ಲೇ ಕೂತು ಒಂದು ಏರಿಯ ಚಿಹ್ನೆ ಮಾಡಿ ದೇಶದ ತುಂಬ ಕೆರೆ ಒತ್ತಿದೆ. ಅವರು ಕನ್ನಡಕ ಏರಿಸಿಕೊಂಡರು. "ಎಲ್ಲಾ ಕೆರೆಗೂ ಒಂದೇ ಏರಿ. ಒಬ್ಬನೇ ಕಂಟ್ರಾಕ್ಟರಾ?"

ಒಳಗಿನಿಂದ ಅಂಕಲ್ ನಕ್ಕರು. ಅವರು ಬಸ್ ಕಂಡಕ್ಟರ್ ಆಗಿದ್ದು ನಿವೃತ್ತರಾದವರು. ಹೆಂಡತಿಯ ಎಲ್ಲ ದೇಶಗಳ ಮೇಲೂ ಅವರಿಗಿದ್ದದ್ದು ಒಂದೇ ದೂರು. "ಏನಮ್ಮಾ, ನಿನ್ನ ದೇಶದಲ್ಲಾದ್ರೂ ಬಸ್ ಇದೆಯಾ? ನಿಮ್ಮ ಮಿಸ್ಸಿನ ದೇಶದಲ್ಲಿ ಎಲ್ಲಾರೂ ನಡ್ಕೊಂಡೇ ಸಾಯ್ಬೇಕು."

"ರೀ, ಅದು ಹಳೇ ಕಾಲದ ದೇಶ."

"ಹಳೇ ಕಾಲ ಆದ್ರೆ ಕಾಲು ನೋಯಲ್ವಾ?"

ನಾನು ನನ್ನ ಬಾಣ ಬಿಟ್ಟೆ. "ಮಿಸ್, ನಿಮ್ಮ ಕೆರೆಗಳೂ ಒಂದೇ ಥರಾನೇ ಇವೆ. ಬರೆದ ಕೈ ಒಂದೇ ಅಲ್ವಾ?" ಮಿಸ್ ಎದ್ದರು. ಬೀರುವಿನಿಂದ ಹಳೇ ನಕ್ಷೆಗಳನ್ನು ತಂದು ಕಿಟಕಿಯ ಬೆಳಕಿಗೆ ಹಿಡಿದು ಒಂದೊಂದಾಗಿ ನೋಡಿದರು. "ಹೌದಲ್ಲೇ," ಅಂದರು. ಅವರ ಮುಖದಲ್ಲಿ ಸೋತ ಬೇಸರ ಇರಲಿಲ್ಲ, ಹೊಸದೇನೋ ಕಂಡ ಕಳೆ ಇತ್ತು. ಹೆಡ್‌ಮೇಷ್ಟ್ರು ಹೇಳಿದ ಆ ಹಟಮಾರಿ ಹೆಂಗಸು ಇವರಲ್ಲ ಅಂತ ನಾನು ಸಾಧಿಸೋದು ಈ "ಹೌದಲ್ಲೇ"ಯ ಬಲದ ಮೇಲೆ.

ಆಮೇಲೆ ಒಂದು ದಿನ ಫೋನು. "ಲಾಯರಮ್ಮ, ಗೆರೆ ತಾನೇ ಸರಿ ಮಾಡ್ಕೊಳ್ಳೋ ಒಂದು ಉಪಾಯ ಇದೆ ಅಂದಿದ್ಯಲ್ಲ. ಅದು ಎಷ್ಟು ನಡುಕ ತಡ್ಕೊಳ್ಳುತ್ತೆ?"

ವಾದಕ್ಕೆ ಕೇಳುತ್ತಿದ್ದಾರೆ ಅಂದುಕೊಂಡು ಉತ್ಸಾಹದಿಂದ ಹೋದೆ. ಅವರು ಕಾಫಿ ಲೋಟ ಅರ್ಧವೇ ತುಂಬಿಸಿಕೊಂಡಿದ್ದರು. ಆ ಅರ್ಧವೂ ಲೋಟದಲ್ಲಿ ಅಲೆ ಎದ್ದು ಏರುತ್ತಿತ್ತು. ಇತ್ತೀಚೆಗೆ ಶಾಲೆಯಲ್ಲಿ ಅವರ ಕೈಯಲ್ಲಿ ಯಾವಾಗಲೂ ಡಸ್ಟರೋ ಬೀಗದ ಗೊಂಚಲೋ ಇರುತ್ತಂತೆ, ಮಿಸ್ ಸಿಟ್ಟಿನವರಾಗಿದ್ದಾರಂತೆ ಅಂತ ಮಕ್ಕಳು ಆಡಿಕೊಳ್ಳುತ್ತಿದ್ದದ್ದು ಆಗ ಅರ್ಥವಾಯಿತು.

"ಶಾಲೇಲಿ ಗೊತ್ತಾ ಮಿಸ್?"

"ಕೈ ನಡುಗೋ ಡ್ರಾಯಿಂಗ್ ಮಿಸ್ಸನ್ನ ಯಾರೇ ಇಟ್ಕೋತಾರೆ? ವರ್ಷ ವರ್ಷ ಮುಂದುವರಿಸೋ ಕೆಲಸ ನಂದು. ನೀನು ಬಾಯಿ ಬಿಡಬೇಡ. ನೀವೂ ಅಷ್ಟೇ ರೀ."

ಅಂಕಲ್ ಟ್ಯಾಬ್ ತಂದರು. ಚಿತ್ರ ಬರೆಯುವ ಆ್ಯಪ್ ಹಾಕಿಕೊಟ್ಟೆ. ಅದರಲ್ಲಿ ಒಂದು ಸ್ಲೈಡರ್ ಇದೆ. ಮೇಲಕ್ಕೆ ತಳ್ಳಿದಷ್ಟೂ ನಡುಗುವ ಗೆರೆಗೆ ಇಸ್ತ್ರಿ ಬೀಳುತ್ತೆ. ಪೂರ್ತಿ ಮೇಲಕ್ಕೆ ತಳ್ಳಿ ಕೊಟ್ಟೆ. ಮಿಸ್ ಒಂದು ಏರಿ ಬರೆದರು. ಪೆನ್ನು ಗಾಜಿನ ಮೇಲೆ ಟಕಟಕ ಅನ್ನುತ್ತಿತ್ತು, ಗೆರೆ ಮಾತ್ರ ಬೆಣ್ಣೆಯ ಹಾಗೆ ಜಾರಿ ಬಂತು. ಅದನ್ನೇ ನೋಡುತ್ತಾ ಕೂತರು.

"ಚೆನ್ನಾಗಿದೆ. ಯಾರು ಬರೆದಿದ್ದು?"

"ನೀವೇ ಮಿಸ್."

"ಸರಿ ಬಿಡು."

ಅಲ್ಲಿಂದ ಮುಂದೆ ಶಾಲೆಯ ಚಾರ್ಟುಗಳು, ನೋಟೀಸ್ ಬೋರ್ಡಿನ ಚಿತ್ರಗಳು ಎಲ್ಲ ಟ್ಯಾಬಿನಲ್ಲಿ ಹುಟ್ಟಿ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟಾಗಿ ಗೋಡೆಗೆ ಹೋದವು. ಯಾರಿಗೂ ಅನುಮಾನ ಬರಲಿಲ್ಲ. ಕೈ ಇನ್ನೂ ಪಳಗಿದೆ ಅಂತ ಹೊಗಳಿದರು ಬೇರೆ. ಒಂದು ಮಾತ್ರ ಅವರು ಟ್ಯಾಬಿನಲ್ಲೂ ಮಾಡಲಿಲ್ಲ. ಎರಡು ಬೆರಳು ತಾಗಿಸಿದರೆ ಹಿಂದಿನ ಗೆರೆ ಅಳಿಸಿಹೋಗುತ್ತದೆ, ಅದನ್ನು ಬಳಸಲಿಲ್ಲ.

"ಅಳಿಸಿದ್ರೆ ಪಾಪ ಬರುತ್ತಾ ಮಿಸ್?"

"ಪಾಪ ಅಲ್ಲ ಕಣೇ. ಎಲ್ಲಿ ತಪ್ಪಿದ್ದೆ ಅನ್ನೋದು ಮರ್ತೋಗುತ್ತೆ."

"ಮರೆತ್ರೆ ಒಳ್ಳೇದಲ್ವಾ?"

"ನಿಂಗೆ ಒಳ್ಳೇದು. ನನ್ನ ದೇಶದೋರಿಗಲ್ಲ."

ಇದೂ ಉತ್ತರ ಅಲ್ಲ. ಆದರೂ ಬರೆದಿಡುತ್ತಿದ್ದೇನೆ.

ಹಾಗಿರುವಾಗ ಶಾಲಾ ಸಂಚಿಕೆಗೆ ಮುಖಪುಟ ಕೇಳಿದರು. ಮಿಸ್ ತಮ್ಮ ಅತಿ ದೊಡ್ಡ ದೇಶವನ್ನು ಬರೆದು ಕಳಿಸಿದರು. ಮೇಲಿನ ಕೆರೆಯಿಂದ ಕೆಳಗಿನ ಕೆರೆಗೆ, ಕೋಡಿಯಿಂದ ಕೋಡಿಗೆ, ಬಂಡೆ ಮೇಲೆ ಬಂಡೆಯ ಗುಡ್ಡಗಳ ನಡುವೆ ಇಳಿಯುವ ದೇಶ. ಪ್ರತಿ ಏರಿಯೂ ನೀರಿನ ಒಳಗಿನಿಂದ ನೋಡಿದ ಹಾಗೆ ಅಲುಗುತ್ತಿತ್ತು. ತಮಾಷೆ ಹೆಸರಿನ ಊರುಗಳ ನಡುವೆ ಒಂದು ಚುಕ್ಕೆ ದಾರಿ, ಅದರ ತುದಿಯಲ್ಲಿ ಒಂದು ಸಣ್ಣ ಬಸ್ ಸ್ಟಾಪು. ಅಂಕಲ್ ಆ ಸಂಚಿಕೆ ಹಿಡಿದುಕೊಂಡು ಊರೆಲ್ಲ ತೋರಿಸಿದರು. "ಕೊನೆಗೂ ಬಸ್ ಬಿಟ್ಲು ನೋಡಿ ನಮ್ಮೋಳು." ಮಾಲೂರಿನಲ್ಲಿರುವ ನನ್ನ ಗೆಳತಿ, ಮಿಸ್ಸಿನದೇ ಶಿಷ್ಯೆ, ಮೆಸೇಜು ಹಾಕಿದಳು: ನೋಡು ಕಣೇ, ನಿನ್ನ ಸಾಫ್ಟ್‌ವೇರಿಗೆ ಈ ಗೆರೆ ಬರುತ್ತಾ?

ನಾನು ಮಿಸ್ಸಿಗೆ ಫೋನ್ ಮಾಡಿದೆ. "ಮಿಸ್, ಆ ಸ್ಲೈಡರ್ ಕೈ ತಾಗಿ ಕೆಳಗಿಳಿದಿದೆ ಅನ್ಸುತ್ತೆ. ನೋಡ್ಕೊಳ್ಳಿ."

"ನೋಡಿದೀನಿ," ಅಂದರು. ಮಾತು ಮಾವಿನ ಹೂವಿನ ಕಡೆಗೆ ಹೋಯಿತು. ಆಮೇಲೆ ಅವರಿಗೆ ಜ್ವರ, ಆಸ್ಪತ್ರೆ. ನಾನು ಇನ್ನೊಂದು ಸಲ ಕೇಳುವ ಹೊತ್ತಿಗೆ ಅವರಿರಲಿಲ್ಲ.

ಸಭೆಯಾದ ಮೇಲಿನ ಭಾನುವಾರ ಅಂಕಲ್ ಕರೆದರು. ಮಧ್ಯಾಹ್ನ. ತೋಟಗಳಿಂದ ಮಾವಿನ ಹೂವಿನ ಘಾಟು ಮನೆಯೊಳಗೆ ನುಗ್ಗಿತ್ತು. ಫ್ರಿಜ್ಜಿನ ಪಕ್ಕದ ಮೇಜಿನ ಮೇಲೆ ಆ ನಕ್ಷೆಯನ್ನು ದಪ್ಪ ಡ್ರಾಯಿಂಗ್ ಹಾಳೆಯಲ್ಲಿ ತೆಳ್ಳಗೆ ಪ್ರಿಂಟ್ ಹಾಕಿಸಿ ಹರಡಿದ್ದರು. ಪಕ್ಕದಲ್ಲಿ ಮಿಸ್ಸಿನ ಇಂಕ್ ಪೆನ್ನು.

"ಇದರ ಮೇಲೆ ನೀನು ಒಂದು ಸಲ ತಿದ್ದಿಬಿಡಮ್ಮಾ. ಅವಳ ಹತ್ರ ಕಲ್ತಿದೀಯ. ಮೂಲ ಆಗೋಗುತ್ತೆ."

"ಅಂಕಲ್, ಇದು ಸುಳ್ಳು ದಾಖಲೆ ಸೃಷ್ಟಿಸಿದ ಹಾಗೆ."

"ನಿನ್ನ ಕೋರ್ಟು ಇಲ್ಲಿ ಬೇಡ. ಇಲ್ಲದ ದೇಶಕ್ಕೆ ಎಂಥಾ ದಾಖಲೆ?"

ಹೇಳಬೇಕೆಂದರೆ ಒಳ್ಳೆ ವಾದ. ಪೆನ್ನು ಎತ್ತಿಕೊಂಡೆ. ಮೊದಲ ಏರಿಯ ಮೇಲೆ ಎಳೆದೆ. ನನ್ನ ಕೈಗೆ ಏನೂ ಆಗಿಲ್ಲ, ಗೆರೆ ಸಲೀಸಾಗಿ ಬಂತು, ಸ್ಲೈಡರ್ ಪೂರ್ತಿ ಏರಿಸಿದ ಹಾಗೆ. ಇಬ್ಬರೂ ನೋಡಿದೆವು. ಅಂಕಲ್ ಮೆಲ್ಲಗೆ, "ಸ್ವಲ್ಪ ನಡುಗಿಸು," ಅಂದರು.

"ನಂಗೆ ನಡುಗಲ್ಲ ಅಂಕಲ್. ನಡುಗಿದ ಹಾಗೆ ನಟಿಸಬೇಕು."

ಅವರು ಮುಖ ತಿರುಗಿಸಿದರು. ನಾನು ಪೆನ್ನಿಗೆ ಕ್ಯಾಪು ಹಾಕಿಟ್ಟೆ. ಸುಮ್ಮನಿರಲಾಗದೆ ಟ್ಯಾಬ್ ತೆಗೆದೆ. ಸ್ಲೈಡರ್ ತಳದಲ್ಲಿತ್ತು. ಕೈ ತಾಗಿ ಇಳಿದದ್ದಾದರೆ ಎಲ್ಲೋ ನಡುವೆ ನಿಲ್ಲಬೇಕಿತ್ತು, ಇದು ಸೊನ್ನೆಗೇ ಹೋಗಿ ಕೂತಿತ್ತು. ಆ್ಯಪಿಗೆ ಇನ್ನೊಂದು ಬುದ್ಧಿ ಇದೆ. ಚಿತ್ರವನ್ನು ಬರೆದ ಕ್ರಮದಲ್ಲೇ ಗೆರೆಗೆ ಗೆರೆ ಮತ್ತೆ ಓಡಿಸಿ ತೋರಿಸುತ್ತೆ. ಅಂಕಲ್‌ಗೆ ಅದು ಗೊತ್ತಿರಲಿಲ್ಲ. ಒತ್ತಿ ಅವರ ಕೈಗೆ ಕೊಟ್ಟೆ.

ಬಿಳೀ ಹಾಳೆ. ಎಡಗಡೆಯಿಂದ ಒಂದು ಗೆರೆ ಹೊರಟಿತು. ಕೈ ಕಾಣುವುದಿಲ್ಲ, ಪೆನ್ನೂ ಕಾಣುವುದಿಲ್ಲ, ನಡುಗುತ್ತಾ ಹೋಗುವ ಗೆರೆಯ ತುದಿ ಮಾತ್ರ. ಏರಿ, ಅಂಚು, ಕೋಡಿ, ಕೆಳಗೆ ಇನ್ನೊಂದು ಏರಿ. ಅಂಕಲ್ ಟ್ಯಾಬನ್ನು ಕಣ್ಣಿನ ಹತ್ತಿರಕ್ಕೆ ತಂದುಕೊಂಡರು. ಒಂದು ಕಡೆ ಗೆರೆ ಇದ್ದಕ್ಕಿದ್ದ ಹಾಗೆ ಚಿಮ್ಮಿ ಗದ್ದೆಗಳನ್ನು ದಾಟಿ ಎಲ್ಲೋ ಹೋಗಿ ನಿಂತಿತು. ಅಳಿಸಲಿಲ್ಲ. ದೇಶ ಬೇರೆ ಕಡೆ ಬೆಳೆಯುತ್ತಾ ಹೋಯಿತು. ಆಮೇಲೆ ವಾಪಸ್ ಬಂದು ಆ ಚಿಮ್ಮಿದ ಗೆರೆಯ ಮೇಲೆ ಬಿಳಿ ಚುಕ್ಕೆ ಇಟ್ಟು ಇಟ್ಟು ದಾರಿ ಮಾಡಿದರು, ತುದಿಯಲ್ಲಿ ಬಸ್ ಸ್ಟಾಪು ಕಟ್ಟಿದರು.

"ಕೈ ಜಾರಿದ್ದಕ್ಕೆ ಬಂದ ಬಸ್ಸಾ ಇದು?"

"ಜಾರಿದ್ದಕ್ಕೆ ಒಂದು ಕೆಲಸ ಕೊಟ್ಟಿದಾರೆ ಅಂಕಲ್."

ಅವರು ಕೇಳಿದರು, "ಶಾಲೆಯೋರಿಗೆ ಏನಂತ ಹೇಳ್ಲಿ?"

"ಇದೇ ಮೂಲ ಅಂತ. ಇದನ್ನೇ ತೋರಿಸಿ."

"ಟ್ಯಾಬ್ ಅಂದ್ರೆ, ಯಾಕೆ ಟ್ಯಾಬ್ ಅಂತಾರೆ. ಯಾಕೆ ಅಂದ್ರೆ, ಕೈ ನಡುಗ್ತಿತ್ತು ಅನ್ನಬೇಕು. ಯಾರಿಗೂ ಹೇಳಬೇಡಿ ಅಂದಿದ್ಲು ಕಣಮ್ಮಾ. ಹೋದ ಮೇಲೆ ಆ ಮಾತು ಮೀರಬಹುದು ಅಂತ ಏನಾದ್ರೂ ಕಾನೂನಿದೆಯಾ?"

ಕಾನೂನು ಇರಲಿಲ್ಲ. ನನ್ನ ಹತ್ತಿರ ಇದ್ದದ್ದು ಸೊನ್ನೆಯಲ್ಲಿ ಕೂತ ಆ ಸ್ಲೈಡರ್ ಒಂದೇ. ಅವರ ಹೆಬ್ಬೆರಳು ಆಗಲೇ ಮತ್ತೆ ಒತ್ತಿತ್ತು. ಬಿಳೀ ಹಾಳೆಯ ಮೇಲೆ ಮೊದಲ ಏರಿ ನಡುಗುತ್ತಾ ಹೊರಟಿತ್ತು. ನಾನು ಕೇಳಿದೆ:

"ಅಂಕಲ್, ಯಾರಿಗೂ ಗೊತ್ತಾಗ್ಬಾರ್ದು ಅಂದಿದ್ದೋರು, ಇಡೀ ಊರು ನೋಡೋ ಮುಖಪುಟಕ್ಕೆ ಬರೆಯೋವಾಗ ನಡುಕ ಮುಚ್ಚೋ ಸ್ಲೈಡರನ್ನ ಯಾಕೆ ಕೆಳಗಿಳಿಸಿದ್ರು?"